ಆ ರಾತ್ರಿ ಮನೆಗೆ ಹೋಗದ ಅಕ್ಕನಿಗೆ

ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ನಮ್ಮ ಕನ್ನಡ ರಂಗರೂಪದ ಪ್ರಯೋಗಗಳು ಮುಗಿದಿವೆ. 59 ಅಧ್ಯಾಯಗಳ ಕಥೆಯನ್ನು ಆರು ಮಂದಿ ನಟರೊಂದಿಗೆ, ಎಂಬತ್ತು ಕುರ್ಚಿಗಳ ಆಪ್ತ ರಂಗಮಂದಿರದಲ್ಲಿ, ಎರಡು ಗಂಟೆಗೆ ಇಳಿಸಲು ಹೊರಟ ನನ್ನನ್ನು ನಂಬಿದ ನಟರಿಗೆ, ಬೆಳಕು, ಸಂಗೀತ, ಪ್ರಸಾಧನ ನೋಡಿಕೊಂಡ ಗೆಳೆಯರಿಗೆ, ತಾಲೀಮಿಗೆ ಮಹಡಿ ಬಿಟ್ಟುಕೊಟ್ಟ ದಂಪತಿಗೆ, ಬಂದು ನೋಡಿದ ಪ್ರತಿಯೊಬ್ಬರಿಗೂ ನಾನು ಋಣಿ.

ಮದುವೆಯ ದಿನವೇ ವರ ಕೈಕೊಟ್ಟ ಮೇಲೆ ಆ ಗಳಿಗೆಯಲ್ಲೇ ಬದುಕು ನಿಲ್ಲಿಸಿಕೊಂಡ ಮಿಸ್ ಹ್ಯಾವಿಶ್ಯಾಮ್ ಪಾತ್ರ ಮಾಡಿದ ನಮ್ಮ ಅಕ್ಕನ ಋಣವನ್ನು ಮಾತ್ರ ಒಂದು ವಾಕ್ಯದಲ್ಲಿ ಹೇಳಲಾರೆ. ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿದ್ದಾಗ ಪೂರ್ಣ ತಾಲೀಮು ಮೂರು ಗಂಟೆ ಐವತ್ತು ನಿಮಿಷ ಹಿಡಿಯಿತು. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆಯಾದ್ದರಿಂದ ಕಂತು ಕಂತಿಗೂ ಓದುಗರನ್ನು ಕಾಯಿಸುವ ಒಂದು ತಿರುವಿದೆ. ಆ ತಿರುವುಗಳನ್ನೆಲ್ಲ ನಾನು ಮೋಹದಿಂದ ಉಳಿಸಿಕೊಂಡಿದ್ದೆ. ಎಲ್ಲರೂ ಹೊರಟ ಮೇಲೆ ‘ಇದು ನನ್ನಿಂದಾಗದು ಅಕ್ಕಾ’ ಎಂದು ಅತ್ತೆ. ‘ಅತ್ತುಬಿಡು, ಆಮೇಲೆ ಓದೋಣ’ ಎಂದರು.

ಬೆಳಗಿನ ಜಾವ ನಾಲ್ಕರವರೆಗೆ ನೆಲದ ಮೇಲೆ ಕುಳಿತು ಅವರು ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದಿದರು. ಕಥಾನಾಯಕ ಪಿಪ್‌ನ ಮನಸ್ಸು ಅಲುಗಾಡದ ಪುಟಗಳನ್ನು ಪಕ್ಕಕ್ಕಿಟ್ಟರು. ನಟನಾಗಹೊರಟ ಊರಿನವ ವಾಪ್ಸಲ್ ಹ್ಯಾಮ್ಲೆಟ್ ಆಡುವ ಪ್ರಸಂಗ ಹೋಯಿತು. ನಾಟಕದವಳಾದ ನನಗೆ ಆ ನೋವು ಇನ್ನೂ ಇದೆ. ತಮ್ಮ ಪಾತ್ರದ ಎರಡು ದೀರ್ಘ ಮಾತುಗಳನ್ನೂ ಅವರೇ ಹೊಡೆದುಹಾಕಿದರು. ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ ನಿಂತ ಗಡಿಯಾರ, ಒಂದೇ ಕಾಲಿಗೆ ಹಾಕಿದ ಶೂ, ಇಷ್ಟಿದ್ದ ಮೇಲೆ ಅಷ್ಟೊಂದು ಮಾತೇಕೆ ಎಂದರು.

ಆರಂಭದಲ್ಲೇ ನಾನು ಕೈಬಿಟ್ಟಿದ್ದ ಒಂದು ದೃಶ್ಯವನ್ನು ಮಾತ್ರ ಮರಳಿ ಸೇರಿಸಿದರು. ಪಿಪ್‌ನನ್ನು ಸಾಕಿದ ಭಾವ, ಕಮ್ಮಾರ ಜೋ ಲಂಡನ್ನಿಗೆ ಬಂದು, ದೊಡ್ಡ ಮನುಷ್ಯನಾದ ಪಿಪ್‌ನ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಂಚಿಗೆ ಟೋಪಿ ಇಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ. ಮೊದಲ ಸಾಲು ನಾಲ್ಕೇ ಅಡಿ ದೂರವಿರುವ ನಮ್ಮ ರಂಗದಲ್ಲಿ, ಟೋಪಿ ಹೆಕ್ಕುವ ಕೈಯ ಗಡಿಬಿಡಿಯೂ ಪಿಪ್ ಮುಖ ತಿರುಗಿಸುವುದೂ ಎಲ್ಲರಿಗೂ ಕಂಡಿತು. ಅವನ ನಾಚಿಕೆಗಾಗಿ ನಾನು ಬರೆದಿದ್ದ ಮೂರು ಪುಟದ ಸ್ವಗತ ಬೇಕಾಗಲಿಲ್ಲ.

ಕೊನೆಯ ಪ್ರಯೋಗದಲ್ಲಿ ಆ ಟೋಪಿ ಬಿದ್ದಾಗ, ಸೈಡ್ ವಿಂಗಿನಲ್ಲಿ ಒಂದೇ ಶೂ ಹಾಕಿಕೊಂಡು ನಿಂತಿದ್ದ ಅಕ್ಕ ಕತ್ತಲಲ್ಲೇ ನನ್ನ ಕೈ ಹಿಡಿದುಕೊಂಡರು. ಆಗ ಮಾತು ಹೊರಡಲಿಲ್ಲ. ಆ ರಾತ್ರಿ ನೀವು ಮನೆಗೆ ಹೋಗಲಿಲ್ಲವಲ್ಲ ಅಕ್ಕಾ, ಅದಕ್ಕೆ ಈಗ ನಮಸ್ಕಾರ ಹೇಳುತ್ತಿದ್ದೇನೆ.