ಮಂಜನಿಗೆ, ಕಖೇತಿಯ ದ್ರಾಕ್ಷಿ ಕೊಯ್ಲು ಮುಗಿಸಿ ಬಂದು

ಲೋ ಮಂಜ,

ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ನೀನು ಮಧ್ಯೆ ಬಾಯಿ ಹಾಕಿ ಟ್ರ್ಯಾಕ್ಟರ್ ಕಂತಿನ ಕತೆ ತೆಗೆಯುತ್ತೀಯ. ಅದಕ್ಕೇ ಬರೆದು, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಕಡೆ ದ್ರಾಕ್ಷಿ ಚಪ್ಪರ ಹಾಕಿದವರೆಲ್ಲ ಇದನ್ನು ಓದಬೇಕು ಅಂತ ಆಸೆ. ನಂದಿ ಜಾತ್ರೆಯ ಕೊಡೆಯ ವಿಷಯ ಎತ್ತಲ್ಲ, ಹೆದರಬೇಡ.

ಈ ಸಲ ರ್ತ್ವೇಲಿಗೆ ಹೋಗಿದ್ದೆ ಕಣೋ. ಇಲ್ಲಿನವರು ದ್ರಾಕ್ಷಿ ಕೊಯ್ಲಿನ ಹಬ್ಬಕ್ಕೆ ಹಾಗನ್ನುತ್ತಾರೆ. ನನ್ನ ಮೆಸ್ ಇರುವ ಕಟ್ಟಡದ ಯಜಮಾನರ ಊರು ಜಾರ್ಜಿಯಾದ ಪೂರ್ವಕ್ಕಿರುವ ಕಖೇತಿ ಸೀಮೆಯಲ್ಲಿ. ರಾಜಧಾನಿ ತ್ಬಿಲಿಸಿಯಲ್ಲಿ ಡಾಕ್ಟರಿಕೆ ಓದುವ ನಮ್ಮ ಹುಡುಗರಿಗೆ ಅನ್ನ, ಸಾರು ಮಾಡಿಟ್ಟು, ಜಾರ್ಜಿಯನ್ ಮಾತು ಬಲ್ಲ ಕೋಲಾರದ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊರಟೆ.

ತೋಟಕ್ಕೆ ಕಾಲಿಟ್ಟ ತಕ್ಷಣ ನನ್ನ ಕೈ ಕತ್ತರಿ ಕೇಳಿತು. ಇಲ್ಲಿ ನಮ್ಮ ಹಾಗೆ ಕಲ್ಲುಕಂಬದ ಮೇಲೆ ಚಪ್ಪರ ಕಟ್ಟುವುದಿಲ್ಲ. ತಂತಿಗೆ ಹಬ್ಬಿಸಿದ ಸಾಲುಗಳು, ಗೊಂಚಲು ಸೊಂಟದ ಮಟ್ಟಕ್ಕೇ ಸಿಗುತ್ತದೆ. ವರ್ಷಕ್ಕೆ ಒಂದೇ ಬೆಳೆ, ಚಳಿಗಾಲ ಪೂರ್ತಿ ಬಳ್ಳಿ ಮಲಗುತ್ತದೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತೇವೆ ಅಂದರೆ ಯಜಮಾನರು ನಂಬಲೇ ಇಲ್ಲ. ಸಾಪೆರಾವಿ ಅಂತ ಒಂದು ತಳಿ ಇದೆ. ಹಿಚುಕಿದರೆ ಒಳಗಿನ ತಿರುಳೂ ಕೆಂಪು. ಸಂಜೆಯ ಹೊತ್ತಿಗೆ ಅಂಗೈ ನೇರಳೆಯಾಗಿತ್ತು.

ಆಮೇಲೆ ಮರಾನಿಗೆ ಕರೆದುಕೊಂಡು ಹೋದರು. ಅದು ವೈನ್ ಮಾಡುವ ಕೋಣೆ. ಒಳಗೆ ನೋಡಿದರೆ ಬರೀ ನೆಲ, ಅಲ್ಲಲ್ಲಿ ದುಂಡನೆಯ ಬಾಯಿಗಳು. ನಿಮ್ಮಜ್ಜನ ಮನೆಯ ರಾಗಿ ಹಗೇವು ನೆನಪಾಯಿತು. ಆ ಬಾಯಿಗಳ ಕೆಳಗೆ ಆಳೆತ್ತರದ ಮಣ್ಣಿನ ಹಂಡೆಗಳನ್ನು ಕುತ್ತಿಗೆವರೆಗೆ ಹೂತಿರುತ್ತಾರೆ. ಅದೇ ಕ್ವೆವ್ರಿ. ಮೊಟ್ಟೆಯ ಆಕಾರ, ತಳ ಚೂಪು, ಒಳಮೈಗೆ ಜೇನುಮೇಣ. ಕಖೇತಿಯ ಪದ್ಧತಿಯಲ್ಲಿ ತುಳಿದ ಹಣ್ಣನ್ನು ರಸ, ಸಿಪ್ಪೆ, ಬೀಜ, ತೊಟ್ಟು ಎಲ್ಲ ಸೇರಿಸಿ ಅದಕ್ಕೆ ಸುರಿಯುತ್ತಾರೆ. ಹುದುಗು ಏಳುವಾಗ ಸಿಪ್ಪೆ ಮೇಲಕ್ಕೆ ಉಬ್ಬುತ್ತದೆ, ದಿನಕ್ಕೆ ಹಲವು ಸಲ ಕೋಲಿನಿಂದ ಒತ್ತಿ ಮುಳುಗಿಸಬೇಕು. ಆ ಆರ್ಭಟ ಇಳಿದ ಮೇಲೆ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ತೆಗೆಯುವುದು ವಸಂತಕ್ಕೇ. ಅಷ್ಟರಲ್ಲಿ ಬೀಜ ಚೂಪು ತಳಕ್ಕೆ ಇಳಿದು, ಸಿಪ್ಪೆ ಅದರ ಮೇಲೆ ಕೂತು, ಬೀಜದ ಕಹಿ ಮೇಲಿನ ವೈನಿಗೆ ಹೆಚ್ಚು ತಾಗದಂತೆ ತಡೆಯುತ್ತದೆ. ಸುತ್ತಲಿನ ಮಣ್ಣು ತಂಪನ್ನು ಒಂದೇ ಹದದಲ್ಲಿ ಕಾಯುತ್ತದೆ. ಬಿಳಿ ದ್ರಾಕ್ಷಿ ಹಾಕಿದ್ದರೂ ಹೊರಬರುವ ವೈನಿಗೆ ಹಾಲು ಹಾಕದ ಚಹಾದ ಬಣ್ಣ. ಕರೆಂಟಿಲ್ಲ, ಮೋಟರಿಲ್ಲ. ಇಂಥ ಬುದ್ಧಿಯ ಮುಂದೆ ನಾನು ಸುಮ್ಮನೆ ಕೈಮುಗಿದೆ.

ತ್ಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ, ಶುಲಾವೆರಿಸ್ ಗೋರಾ ಎಂಬ ಹಳೆಯ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ, ಅಂದರೆ ವೈನಿನ ಗುರುತು, ಇಂಗಿತ್ತು ಎಂದು 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಕ್ರಿಸ್ತಪೂರ್ವ 6000ದ ಆಸುಪಾಸಿನ ಚೂರುಗಳು ಅವು. ಅಷ್ಟು ಹಳೆಯ ಕಸುಬು ನಮ್ಮ ಕಾಲದಲ್ಲೇ ಎರಡು ಪೆಟ್ಟು ತಿಂದಿತು. ಜಾರ್ಜಿಯಾ ಇನ್ನೂ ಸೋವಿಯತ್ ಒಕ್ಕೂಟದಲ್ಲಿದ್ದ 1985ರಲ್ಲಿ, ಅದರ ನಾಯಕ ಗೋರ್ಬಚೆವ್ ಮದ್ಯಪಾನದ ವಿರುದ್ಧ ಹೊರಟಾಗ ತೋಟಕ್ಕೆ ತೋಟವೇ ಕಿತ್ತರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಆಮದನ್ನೇ ನಿಲ್ಲಿಸಿತು. ದೊಡ್ಡ ಗಿರಾಕಿ ಅದೇ ಆಗಿತ್ತು. ಆ ಬಾಗಿಲು ಮತ್ತೆ ತೆರೆದದ್ದು 2013ರಲ್ಲಿ. ಅದೇ ವರ್ಷ ಯುನೆಸ್ಕೋ ಕ್ವೆವ್ರಿ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಿಕೆ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದೂ 2013ರಲ್ಲೇ ಕಣೋ! ಆದರೂ ನಮ್ಮೂರಲ್ಲಿ ಯಾರಾದರೂ ಅದನ್ನು ಹೆಮ್ಮೆಯಿಂದ ಹೇಳಿಕೊಂಡದ್ದು ಕೇಳಿದ್ದೀಯ? ಸಿಹಿ ವೈನಿಗೆ ಹಣ್ಣು ಲೋಡು ಮಾಡಿ ಕಳಿಸುತ್ತೇವೆ, ದುಡ್ಡು ಎಣಿಸುತ್ತೇವೆ, ಲಾರಿ ಎಲ್ಲಿಗೆ ಹೋಯಿತು ಅಂತ ಮಾತ್ರ ಮಾತಾಡುವುದಿಲ್ಲ. ಇಲ್ಲಿಗೆ ಕ್ರೈಸ್ತ ಧರ್ಮ ತಂದ ಸಂತ ನೀನೋಳ ಶಿಲುಬೆಯೇ ದ್ರಾಕ್ಷಿ ಬಳ್ಳಿಯದು. ತನ್ನ ಕೂದಲಿಂದ ಕಟ್ಟಿದಳು ಅನ್ನುತ್ತಾರೆ.

ರಾತ್ರಿ ಸುಪ್ರಾ. ಅಂದರೆ ಊಟದ ಕೂಟ. ತಮಾದಾ ಅಂತ ಒಬ್ಬ ಹಿರಿಯ ಇರುತ್ತಾನೆ. ಅವನು ಎದ್ದು ಮಾತಾಡದೆ ಯಾರೂ ಲೋಟ ಎತ್ತುವ ಹಾಗಿಲ್ಲ. ಶಾಂತಿಗೆ, ನಾಡಿಗೆ, ಬಂದ ನೆಂಟರಿಗೆ ಅಂತ ಒಂದೊಂದಕ್ಕೂ ಮಾತು ಕಟ್ಟುತ್ತಾನೆ. ಆಮೇಲೆ ತೀರಿಕೊಂಡವರ ಸರದಿ. ಎಲ್ಲರೂ ಎದ್ದು ನಿಂತರು, ರೊಟ್ಟಿಯ ಚೂರಿನ ಮೇಲೆ ನಾಲ್ಕು ಹನಿ ವೈನ್ ಬಿಟ್ಟರು. ನಿನ್ನ ಕಡೆಯವರು ಯಾರು ಅಂತ ತಮಾದಾ ನನ್ನನ್ನು ಕೇಳಿದ. ಅಜ್ಜಿಯ ಹೆಸರು ಹೇಳಲು ಬಾಯಿ ತೆರೆದೆ. ಬಂದದ್ದು ರಾಮಣ್ಣ ಚಿಕ್ಕಪ್ಪನ ಹೆಸರು.

ನಿನಗೆ ಗೊತ್ತಲ್ಲ. ಕಣ್ಣು ಮುಚ್ಚಿ ಕಡ್ಡಿ ಮುಟ್ಟಿದರೂ ಯಾವ ಮೊಗ್ಗು ಹಣ್ಣಾಗುತ್ತದೆ ಅಂತ ಹೇಳುತ್ತಿದ್ದ. ಸವರುವ ಕಾಲ ಬಂದರೆ ಮೂರೂರಿನವರು ಬಂದು ಕರೆಯುತ್ತಿದ್ದರು. ಕೂಲಿ ಕೈಗೆ ಬಿದ್ದರೆ ಸಂಜೆ ಪಂಪ್‌ಹೌಸಿನ ಹಿಂದೆ ಒಬ್ಬನೇ, ಪ್ಯಾಕೆಟ್ ಸಾರಾಯಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವವರೆಗೂ ಅವನು ಉಳಿಯಲಿಲ್ಲ. ಮನೆಯಲ್ಲಿ ಹಾರ್ಟಿನ ತೊಂದರೆ ಅಂತ ಹೇಳಿಕೊಂಡು ಬಂದೆವು. ಹಿರಿಯರ ಹಬ್ಬದಲ್ಲಿ ಅಪ್ಪ ತಾತನ ಎಡೆಗೆ ಬೀಡಿ ಇಡುತ್ತಾನೆ, ಕ್ವಾರ್ಟರ್ ಬ್ರಾಂದಿ ಇಡುತ್ತಾನೆ. ಚಿಕ್ಕಪ್ಪನಿಗೆ ಎಡೆಯನ್ನೇ ಇಡುವುದಿಲ್ಲ. ನಾನು ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ ಮಂಜ. ಅವನನ್ನು ಕುಡಿತ ಕೊಂದಿತು, ನಿಜ. ಅವನು ಕುಡಿದದ್ದಕ್ಕಿಂತ ಅವನ ಹೆಸರು ನಮ್ಮನ್ನು ಹೆಚ್ಚು ನಾಚಿಸಿತು, ಅದೂ ನಿಜ. ಇದನ್ನೆಲ್ಲ ಗುರುತಿಲ್ಲದ ಜನರ ಮುಂದೆ ಕನ್ನಡದಲ್ಲೇ ಹೇಳಿ ಅತ್ತೆ. ಕೋಲಾರದ ಹುಡುಗ ಎಷ್ಟು ತರ್ಜುಮೆ ಮಾಡಿದನೋ ಏನೋ, ಯಜಮಾನಿ ಬಂದು ನನ್ನ ತಲೆ ಸವರಿ ತಮ್ಮ ಅಣ್ಣನ ಹೆಸರು ಹೇಳಿದರು. ಅವನೂ ಕುಡಿದೇ ಹೋದವನಂತೆ. ಎಂಟು ಸಾವಿರ ವರ್ಷದ ವೈನ್ ಇರುವ ನಾಡಿನಲ್ಲೂ ಅಂಥ ಅಣ್ಣಂದಿರಿದ್ದಾರೆ. ಆದರೆ ಅವನಿಗೂ ನಾಲ್ಕು ಹನಿ ಬಿತ್ತು.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ಅಳಿಸಲ್ಲ. ಬರುವ ಅಮಾವಾಸ್ಯೆಗೆ ನಮ್ಮ ಮನೆಗೆ ಹೋಗು. ಚಿಕ್ಕಪ್ಪ ನೆಟ್ಟ ಸಾಲಿನಲ್ಲಿ ಹಣ್ಣು ಉಳಿದಿದ್ದರೆ ಒಂದು ಗೊಂಚಲು ಕಿತ್ತು ಅವನ ಹೆಸರಿಗೆ ಎಲೆ ಹಾಕಿ ಇಡು. ಅಪ್ಪ ಏನಾದರೂ ಅಂದರೆ ನನಗೆ ಫೋನ್ ಕೊಡು.

ಸತೀಶನ ಮಗಳು ಮುಂದಿನ ತಿಂಗಳು ಕಾಲೇಜಿಗೆ ಅಂತ ಇಲ್ಲಿಗೆ ಬರುತ್ತಿದ್ದಾಳಲ್ಲ, ಅವಳ ಕೈಲಿ ಐದು ಕಿಲೋ ರಾಗಿಹಿಟ್ಟು ಕಳಿಸು. ಹುಡುಗರು ಮುದ್ದೆ ಮುದ್ದೆ ಅಂತ ಜೀವ ತಿನ್ನುತ್ತಿದ್ದಾರೆ. ಉಪ್ಪಿನಕಾಯಿ ಡಬ್ಬಕ್ಕೆ ಈ ಸಲವಾದರೂ ಟೇಪು ಸುತ್ತು ಮಹರಾಯ, ಮೈಸೂರು ಬಸ್ಸಿನ ಕತೆ ಆಗುವುದು ಬೇಡ. ಗೀತಾಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ
ಶಿವು