ಕಂಬ ಕಂಡೀತು, ತಂತಿ ಕಾಣದು

ಮಾನ್ಯರೇ,

2023ರ ಮೇ ತಿಂಗಳಲ್ಲಿ ಬೆಳಗಾವಿ ಬಳಿ ತರಬೇತಿ ವಿಮಾನವೊಂದು ಹೊಲಕ್ಕಿಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ನಮ್ಮ ಶಿರಸಿ-ಯಲ್ಲಾಪುರ ಕಡೆ ಆಗಿದ್ದರೆ? ಮೂವತ್ತು ವರ್ಷ ಕಂಬ ಹತ್ತಿದ ಲೈನ್‌ಮನ್ ನಾನು. ದೂರದಿಂದ ಸಪಾಟಾಗಿ ಕಾಣುವ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಎಷ್ಟು ಗುಂಡಿ, ಎಷ್ಟು ದಿಣ್ಣೆ ಎಂದು ನನ್ನ ಮೊಣಕಾಲಿಗೆ ಗೊತ್ತು.

ಎಂಜಿನ್ ನಿಂತರೆ ಸೆಸ್ನಾ 172ರಂಥ ಪುಟ್ಟ ವಿಮಾನ ಸಾವಿರ ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿ.ಮೀ. ತೇಲೀತು, ಅಷ್ಟೆ. ಅಷ್ಟರೊಳಗೇ ಜಾಗ ಆರಿಸಬೇಕು. ಕೆಸರುಗದ್ದೆಯಲ್ಲಿ ಮುಂದಿನ ಚಕ್ರ ಹೂತರೆ ಪಲ್ಟಿ. ಅದಕ್ಕಿಂತ ಮೋಸ ತಂತಿಯದು. ಕಾಡಿನ ಹಸಿರಿನೆದುರು ಅದು ಕಾಣುವುದೇ ಇಲ್ಲ, ಕಂಬ ನೋಡಿ ಊಹಿಸಬೇಕು. ಕಣಿವೆ ದಾಟುವಲ್ಲಿ ಕಂಬವೂ ಮರದ ಮರೆ. ನೆಲದ ಮೇಲೆ ನಿಂತು ನಾವೇ ತಾಸುಗಟ್ಟಲೆ ಹುಡುಕಿದ್ದುಂಟು!

ಬಿದ್ದ ವಿಮಾನ ಹೊರಡಿಸುವ 406 ಮೆಗಾಹರ್ಟ್ಸ್ ಅಪಾಯದ ರೇಡಿಯೊ ಸಂಕೇತವನ್ನು ಉಪಗ್ರಹ ಹಿಡಿಯುತ್ತದೆ, ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ಆದರೆ ಘಟ್ಟದ ಕಾಡಿನಲ್ಲಿ ಮೊದಲು ತಲುಪುವವರು ಊರವರೇ. ಇಂಧನ ಸೋರುತ್ತಿರುವಲ್ಲಿ ಬೀಡಿ ಹಚ್ಚಬಾರದೆಂದು ಅವರಿಗೆ ಹೇಳಿದವರು ಯಾರು?

ಅಂಕೋಲಾದ ಅಲಗೇರಿಗೆ ವಿಮಾನ ನಿಲ್ದಾಣ ಬರುವುದು ಬರಲಿ. ಅದಕ್ಕೂ ಮುಂಚೆ ಕಣಿವೆ ದಾಟುವ ಲೈನುಗಳಲ್ಲಿ ತಂತಿ ಕಣ್ಣಿಗೆ ಬೀಳಲೆಂದು ಕಟ್ಟುವ ಬಣ್ಣದ ಗೋಳಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿ ಹಾಕಲಿ.

– ನಿವೃತ್ತ ಲೈನ್‌ಮನ್, ಶಿರಸಿ