ಕಂಚಿನ ಶಿಲ್ಪಕ್ಕೆ ಎರಕದ ವಿವರವೂ ಬೇಕು

ಮಾನ್ಯ ಸಂಪಾದಕರೇ,

ಫ್ರಾನ್ಸಿನ ಪ್ರಾಣಿಶಿಲ್ಪಿ ಆಂತ್ವಾನ್ ಲೂಯಿ ಬಾರಿ (1795–1875) ಕುರಿತ ನಿಮ್ಮ ಪತ್ರಿಕೆಯ ಲೇಖನದ ಚಿತ್ರಗಳಿಗೆ ಎರಕದ ವಿವರವನ್ನೇ, ಅಂದರೆ ಆ ಕಂಚನ್ನು ಯಾರು, ಯಾವಾಗ ಹೊಯ್ದರು ಎಂಬುದನ್ನೇ ಕೊಟ್ಟಿಲ್ಲ. ಇದು ಸಣ್ಣ ಲೋಪವಲ್ಲ. ಸಾಲಕ್ಕೆ ಸಿಲುಕಿದ ಬಾರಿಯವರ ಮಾದರಿಗಳು, ಅಂದರೆ ಎರಕದ ಅಚ್ಚು ತೆಗೆಯುವ ಮೂಲ ಶಿಲ್ಪಗಳು, 1848ರಲ್ಲಿ ಪರರ ಪಾಲಾದವು. ಅವರು ತೀರಿಕೊಂಡ ಮೇಲೂ ಬಾರ್ಬೆದಿಯೆನ್ ಎರಕಶಾಲೆ ಅವರ ಪ್ರಾಣಿಗಳನ್ನು ಎರಕ ಹೊಯ್ಯುತ್ತಲೇ ಇತ್ತು.

ಕಂಚು ಆರುವಾಗ ಸುಮಾರು ಶೇ 1.5ರಿಂದ 2ರಷ್ಟು ಕುಗ್ಗುತ್ತದೆ. ಮೂಲ ಮಾದರಿಯನ್ನು ಬಿಟ್ಟು ಸಿದ್ಧ ಕಂಚಿನ ಶಿಲ್ಪದಿಂದಲೇ ಅಚ್ಚು ತೆಗೆದರೆ, 30 ಸೆಂ.ಮೀ. ಉದ್ದದ ಹುಲಿ ಅರ್ಧ ಸೆಂ.ಮೀ.ನಷ್ಟು ಗಿಡ್ಡಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮೈಮೇಲಿನದು: ಕಿವಿಯೊಳಗಿನ ಮಡಿಕೆ, ಪಂಜದ ಬೆರಳ ಸಂದು, ಪಕ್ಕೆಯ ಕೂದಲ ಗೀರು ಎಲ್ಲ ತುಂಬಿಕೊಂಡು ಮೊಂಡಾಗುತ್ತವೆ. ಪ್ಯಾರಿಸ್ಸಿನ ಮೃಗಾಲಯದಲ್ಲಿ ಸತ್ತ ಪ್ರಾಣಿಗಳ ಅಂಗಾಂಗವನ್ನು ಅಳೆದು ಮಾದರಿ ಕಡೆದ ಕಲಾವಿದರ ಕೆಲಸದಲ್ಲಿ ಆ ಗೀರುಗಳೇ ಜೀವ. ಮೊಂಡಾದ ಪ್ರತಿಯನ್ನು ನೋಡಿ ಓದುಗರು ಅವರ ಕೈಚಳಕವನ್ನು ಅಳೆಯುವುದು ಅನ್ಯಾಯ.

ಇನ್ನು ಮುಂದೆ ಇಂಥ ಚಿತ್ರಗಳ ಅಡಿಬರಹದಲ್ಲಿ ಶಿಲ್ಪದ ಅಳತೆ, ಎರಕಶಾಲೆಯ ಮುದ್ರೆ, ಎರಕದ ವರ್ಷ ಇರಲಿ. ವರ್ಷ ಸಿಗದಿದ್ದರೆ, ಶಿಲ್ಪಿ ಬದುಕಿದ್ದಾಗಿನ ಎರಕವೋ ಅನಂತರದ್ದೋ ಎಂಬುದನ್ನಾದರೂ ತಿಳಿಸಿ.

– ಒಬ್ಬ ಓದುಗ